ಸಂಘವೋ, ಸಾಲದಂಗಡಿಯೋ?

2025ನೆಯ ಇಸವಿ ಫೆಬ್ರವರಿ ತಿಂಗಳ 12ನೆಯ ತಾರೀಖು ಕರ್ನಾಟಕದಲ್ಲಿ ಒಂದು ಸುಗ್ರೀವಾಜ್ಞೆಯು ಜಾರಿಗೆ ಬಂದುದನ್ನು ನಮ್ಮ ವಾಚಕರು ಮರೆತಿರಲಾರರು. ಕಿರುಸಾಲಗಳ ವಸೂಲಿಯಲ್ಲಿ ನಡೆಯುತ್ತಿದ್ದ ಬಲಾತ್ಕಾರವನ್ನು ತಡೆಯುವುದೇ ಅದರ ಉದ್ದೇಶ. ಅದಕ್ಕೆ ಮುಂಚಿನ ವಾರಗಳಲ್ಲಿ ನಾಡಿನ ಹಲವು ಕಡೆಗಳಿಂದ ಬಂದ ವರ್ತಮಾನಗಳು ಕಲ್ಲೆದೆಯನ್ನೂ ಕರಗಿಸುವಂತಿದ್ದುವು. ವಾರದ ಕಂತನ್ನು ಕಟ್ಟಲಾರದೆ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರು ಕೆಲವರು. ಬಾಗಿಲ ಮುಂದೆ ಬಂದು ಕುಳಿತ ವಸೂಲಿಗಾರರ ಬೈಗುಳವನ್ನು ತಾಳಲಾರದೆ ಪ್ರಾಣವನ್ನೇ ನೀಗಿಕೊಂಡವರು ಕೆಲವರು. ಅಂತಹ ಬಲಾತ್ಕಾರಕ್ಕೆ ಹತ್ತು ವರ್ಷಗಳವರೆಗಿನ ಸೆರೆಮನೆಯನ್ನೂ ಐದು ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆಯನ್ನೂ ಆ ಆಜ್ಞೆಯು ವಿಧಿಸಿತು. ಮುಂದೆ ಶಾಸನಸಭೆಯವರು ಅದನ್ನೇ ಕಾಯಿದೆಯನ್ನಾಗಿ ಮಾಡಿದರು. ಇದು ಆಗಬೇಕಾಗಿದ್ದ ಕಾರ್ಯವೇ ಸರಿ. ಈ ವಿಷಯದಲ್ಲಿ ಸರ್ಕಾರದವರನ್ನು ಅಭಿನಂದಿಸಲು ನಮಗೆ ಸಂಕೋಚವಿಲ್ಲ.

ಆದರೆ ಅಂದಿನಿಂದ ಪೇಟೆಯ ಸಭ್ಯ ಗೃಹಸ್ಥರ ಬಾಯಲ್ಲಿಯೂ, ಕಚೇರಿಗಳ ಪಡಸಾಲೆಯಲ್ಲಿಯೂ ಒಂದು ಮಾತು ಹೊರಟಿದೆ: ‘ಈ ಸಂಘಗಳೇ ಹಳ್ಳಿಗಳನ್ನು ಹಾಳುಮಾಡಿದುವು, ಇವನ್ನೆಲ್ಲ ಮುಚ್ಚಿಸಿದಲ್ಲದೆ ಬಡವರಿಗೆ ಉಳಿಗಾಲವಿಲ್ಲ’ ಎಂದು. ಕಂಪನಿಯ ಗುಮಾಸ್ತನು ಬಂದು ಹತ್ತು ಜನ ಹೆಂಗಸರನ್ನು ಜಗುಲಿಯ ಮೇಲೆ ಕೂಡಿಸಿ ಸಾಲ ಹಂಚಿದರೂ ಅದು ಸಂಘ. ಅದೇ ಹೆಂಗಸರು ತಮ್ಮ ಕೂಲಿಯಲ್ಲಿ ಉಳಿಸಿದ ಹತ್ತು ರೂಪಾಯಿಗಳನ್ನು ಒಟ್ಟುಗೂಡಿಸಿ ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡರೂ ಅದು ಸಂಘ! ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ತಿಳಿದರೆ, ಕಳ್ಳನನ್ನು ಹಿಡಿಯಹೋಗಿ ಮನೆಯೊಡೆಯನನ್ನೇ ಕಟ್ಟಿಹಾಕಿದಂತಾದೀತು. ಈ ಎರಡರ ಭೇದವನ್ನು ತಿಳಿಯಬೇಕಾದರೆ, ಎರಡನೆಯ ಬಗೆಯ ಸಂಘವು ಎಲ್ಲಿ, ಯಾವ ಸನ್ನಿವೇಶದಲ್ಲಿ, ಯಾರ ಬುದ್ಧಿಯಿಂದ ಹುಟ್ಟಿತೆಂಬುದನ್ನು ತಿಳಿಯಬೇಕು. ಅದು ಹೊರದೇಶದಿಂದ ಬಂದುದಲ್ಲ. ಬಹುಮಟ್ಟಿಗೆ ನಮ್ಮ ಕನ್ನಡನಾಡಿನ ಒಣಭೂಮಿಯ ಹಳ್ಳಿಗಳಲ್ಲಿಯೇ ರೂಪುಗೊಂಡುದು. ನಮ್ಮವರಿಗೇ ಇದು ತಿಳಿಯದಿರುವುದು ವಿಷಾದಕರ.

ಗ್ರಾಮಸ್ಥರ ಸಾಲವು ಹೊಸ ರೋಗವೇನೂ ಅಲ್ಲ. 1875ರಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಬೀದಿಯಲ್ಲಿ ಸುಟ್ಟುಹಾಕಿದಾಗ ಆಗಿನ ಪ್ರಭುತ್ವವು ಬೆಚ್ಚಿಬಿದ್ದಿತು. ಆ ಬಳಿಕ ಜರ್ಮನಿ ದೇಶದ ರೈಫೈಸನ್ ಎಂಬ ಮಹನೀಯನ ಗ್ರಾಮಸಂಘಗಳ ಪದ್ಧತಿಯನ್ನು ಇಲ್ಲಿಗೆ ತರಬೇಕೆಂದು ಮದರಾಸಿನ ನಿಕಲ್ಸನ್ ದೊರೆಯು ದೊಡ್ಡದೊಂದು ವರದಿಯನ್ನು ಬರೆದನು; 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಕರ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ಇಡೀ ದೇಶಕ್ಕೆ ಮೊದಲಿಗರಾದರು. ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯಿದು.

ಆದರೂ ಅರ್ಧ ಶತಮಾನ ಕಳೆದ ಮೇಲೆ ಲೆಕ್ಕ ನೋಡಿದಾಗ ಕಂಡುದೇನು? 1951–52ರಲ್ಲಿ ರಿಜರ್ವ್ ಬ್ಯಾಂಕಿನವರು ನಡೆಸಿ 1954ರಲ್ಲಿ ಪ್ರಕಟಿಸಿದ ಗ್ರಾಮೀಣ ಸಾಲದ ಸಮೀಕ್ಷೆಯ ಪ್ರಕಾರ, ರೈತನು ಎತ್ತುತ್ತಿದ್ದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3ರಷ್ಟು ಮಾತ್ರ. ಬಡ್ಡಿವ್ಯಾಪಾರಿಗಳ ಪಾಲು ನೂರಕ್ಕೆ ಸುಮಾರು 70! ಅನಂತರ 1969ರಲ್ಲಿ ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದುವು. ಹಳ್ಳಿಹಳ್ಳಿಗೆ ಶಾಖೆಗಳು ಬಂದುವು. 1980ರ ವೇಳೆಗೆ ದೇಶದ ಎಲ್ಲ ಬ್ಲಾಕುಗಳಲ್ಲಿಯೂ ಸಮಗ್ರ ಗ್ರಾಮೀಣಾಭಿವೃದ್ಧಿಯ ಸಾಲಗಳು ಹಂಚಲ್ಪಟ್ಟುವು. ಬಡವನಿಗೆ ಬೇಕಾದುದು ಮಗುವಿನ ಔಷಧಕ್ಕೆ ಇನ್ನೂರು ರೂಪಾಯಿ. ಕಚೇರಿಯವರು ಕೊಟ್ಟುದು ಎಮ್ಮೆ. ಅದು ಕರೆಯುವ ಎಮ್ಮೆಯೋ ಗೊಡ್ಡೋ ಎಂಬುದನ್ನು ಕೇಳುವವರಿರಲಿಲ್ಲ. ಗುರಿ ಮುಟ್ಟಿತೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಸಾಲ ತೀರಲಿಲ್ಲ; 1990ರಲ್ಲಿ ಹತ್ತು ಸಾವಿರ ರೂಪಾಯಿಗಳವರೆಗಿನ ಸಾಲಗಳನ್ನು ಮನ್ನಾ ಮಾಡಿದ ಮೇಲಂತೂ ಬ್ಯಾಂಕಿನ ಮ್ಯಾನೇಜರು ಬಡವನ ಮುಖವನ್ನೇ ನೋಡಲೊಲ್ಲದ ಸ್ಥಿತಿ ಬಂದೊದಗಿತು. ಅತ್ತ ಸಾಹುಕಾರನ ಅಂಗಡಿ ಎಂದಿನಂತೆ ರಾತ್ರಿ ಹನ್ನೆರಡಕ್ಕೂ ತೆರೆದೇ ಇತ್ತು.

ಮೈರಾಡ ಎಂಬ ಸಂಸ್ಥೆಯ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಹೆಸರು ಅದು. ಕ್ಯಾಪ್ಟನ್ ದೇವೀಂದರ್ ಅಹ್ಲುವಾಲಿಯಾ ಎಂಬವರು 1968ರಲ್ಲಿ ಇದನ್ನು ಸ್ಥಾಪಿಸಿದರು. ತಮ್ಮ ದೇಶವನ್ನು ಬಿಟ್ಟು ಬಂದ ಟಿಬೆಟ್ಟಿನ ಜನರಿಗೆ ಮೈಸೂರು ಸಂಸ್ಥಾನದಲ್ಲಿ ನೆಲೆ ಮಾಡಿಕೊಡುವ ಕಾರ್ಯದಲ್ಲಿ ಸರ್ಕಾರಕ್ಕೆ ನೆರವಾಗುವುದೇ ಆಗ ಅದರ ಉದ್ದೇಶ. ಆ ಕಾರ್ಯವು ಮುಗಿಯುತ್ತ ಬಂದಂತೆ, 1980ರ ದಶಕದ ಪ್ರಾರಂಭದಲ್ಲಿ, ಸಂಸ್ಥೆಯು ನಮ್ಮ ಹಳ್ಳಿಗಳ ಬಡವರ ಕಡೆಗೆ ಪೂರ್ಣವಾಗಿ ತಿರುಗಿತು. 1982ರಿಂದ ಬಹುಕಾಲ ಅದರ ಮುಖ್ಯಸ್ಥರಾಗಿದ್ದವರು ಶ್ರೀ ಅಲೋಷಿಯಸ್ ಪ್ರಕಾಶ್ ಫರ್ನಾಂಡಿಸರು. 2000ದಲ್ಲಿ ಭಾರತ ಸರ್ಕಾರವು ಇವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಮೊದಲಿಗೆ ಮೈರಾಡದವರೂ ಎಲ್ಲರಂತೆ ದೊಡ್ಡ ಸಹಕಾರ ಸಂಘಗಳನ್ನೇ ಕಟ್ಟಿದರು. ಒಂದೊಂದರಲ್ಲಿ ನೂರಕ್ಕೆ ಮೇಲ್ಪಟ್ಟು ಸದಸ್ಯರು, ಬಲವಂತನೊಬ್ಬ ಅಧ್ಯಕ್ಷ, ಉಳಿದವರು ಹೆಬ್ಬೆಟ್ಟು. 1984–85ರ ಸುಮಾರಿಗೆ ಈ ಸಂಘಗಳು ಒಂದೊಂದಾಗಿ ಒಡೆಯತೊಡಗಿದುವು. ಮುಖಂಡರ ಮೇಲೆ ನಂಬಿಕೆಯಿಲ್ಲ, ಲೆಕ್ಕದಲ್ಲಿ ಶುದ್ಧಿಯಿಲ್ಲ ಎಂಬುದೇ ಕಾರಣ. ಇಷ್ಟಾದರೆ ಇನ್ನೊಂದು ಸಹಕಾರ ಸಂಘ ಮುಳುಗಿದ ಸಾಮಾನ್ಯ ವೃತ್ತಾಂತವಾಗುತ್ತಿತ್ತು. ಅಂತಹವನ್ನು ನಾವು ಎಷ್ಟೋ ಕಂಡಿದ್ದೇವೆ. ಆದರೆ ಇಲ್ಲಿ ಒಂದು ವಿಶೇಷ ನಡೆಯಿತು. ಒಡೆದ ಸಂಘಗಳ ಸದಸ್ಯರು ಹತ್ತು ಹದಿನೈದು ಜನರ ಗುಂಪುಗಳಾಗಿ ಮೈರಾಡದವರ ಬಳಿಗೆ ತಾವಾಗಿಯೇ ಬಂದರು. ತಾವು ಎತ್ತಿದ ಸಾಲವನ್ನು ತೀರಿಸಲು ಸಿದ್ಧರೆಂದೂ, ಆದರೆ ಆ ದೊಡ್ಡ ಸಂಘಕ್ಕಲ್ಲ, ಒಬ್ಬರನ್ನೊಬ್ಬರು ಬಲ್ಲ ತಮ್ಮ ಈ ಗುಂಪಿಗೇ ಕಟ್ಟುವೆವೆಂದೂ ತಿಳಿಸಿದರು.

ಸಾಲಗಾರನು ತಾನಾಗಿ ಬಂದು ತೀರಿಸುತ್ತೇನೆಂದು ಹೇಳುವುದು ನಮ್ಮ ಕಾಲದಲ್ಲಿ ಅಪೂರ್ವ. ಬೇರೆ ಯಾರಾದರೂ ಆಗಿದ್ದರೆ ಹಣ ಬಂದರೆ ಸಾಕೆಂದು ವಸೂಲು ಮಾಡಿಕೊಂಡು ಅಲ್ಲಿಗೇ ಬಿಡುತ್ತಿದ್ದರು. ಮೈರಾಡದವರು ಹಾಗೆ ಮಾಡದೆ, ಈ ಜನ ಹೀಗೇಕೆ ಕೂಡಿದರು, ಯಾವ ಬಂಧನ ಇವರನ್ನು ಒಟ್ಟುಹಿಡಿದಿದೆ ಎಂದು ವಿಚಾರಿಸಿದರು. ಒಂದೆಡೆ ಒಂದೇ ಕೇರಿಯವರು. ಒಂದೆಡೆ ಒಂದೇ ಕಲ್ಲುಕ್ವಾರಿಗೆ ಕೂಲಿಗೆ ಹೋಗುವವರು. ಮತ್ತೊಂದೆಡೆ ಒಂದೇ ಊರಿನಿಂದ ವಲಸೆ ಬಂದವರು. ಕಷ್ಟಕಾಲದಲ್ಲಿ ಒಂದು ಸೇರು ರಾಗಿಯನ್ನು ಮೊದಲಿನಿಂದಲೂ ಕೈಬದಲು ಕೊಟ್ಟುಕೊಳ್ಳುತ್ತಿದ್ದವರು ಇವರು. ಈ ಪರಸ್ಪರ ವಿಶ್ವಾಸವನ್ನು ಯಾವ ಸಂಸ್ಥೆಯೂ ಹೊರಗಿನಿಂದ ತಂದು ಕೊಡಲಾರದು. ಇದ್ದುದನ್ನು ಗುರುತಿಸಿ ಅದರ ಮೇಲೆ ಕಟ್ಟಬಹುದು, ಅಷ್ಟೆ. 1986–87ರ ವೇಳೆಗೆ ಮೈರಾಡದ ಕಾರ್ಯಕ್ಷೇತ್ರಗಳಲ್ಲಿ ಇಂತಹ ಸುಮಾರು 300 ಗುಂಪುಗಳಾಗಿದ್ದುವು. ಸಾಲನಿರ್ವಹಣಾ ಗುಂಪುಗಳೆಂದು ಅವಕ್ಕೆ ಮೊದಲು ಹೆಸರು; ಸ್ವಸಹಾಯ ಸಂಘವೆಂಬುದು ಅನಂತರ ಬಂದುದು. ಗಂಡಸರ ಗುಂಪುಗಳೂ, ಗಂಡುಹೆಣ್ಣು ಕೂಡಿದ ಗುಂಪುಗಳೂ ಆಗ ಇದ್ದುವು. ಬರಬರುತ್ತ ಇದು ಹೆಂಗಸರ ಕಾರ್ಯವೇ ಆಗಿ ನಿಂತಿತು. ಇದರ ಕಾರಣವನ್ನು ನಾವು ಹೇಳಬೇಕಾಗಿಲ್ಲ. ವಾರದ ಸಂತೆಯ ದಿನ ಸಂಜೆ ಹೆಂಡದಂಗಡಿಯ ಮುಂದೆ ಹಾದುಹೋದವರೆಲ್ಲ ಬಲ್ಲರು.

ಇಂತಹ ಸಂಘದ ಸಭೆಯ ರೀತಿಯನ್ನು ಪಟ್ಟಣವಾಸಿಗಳು ಕಂಡಿರಲಿಕ್ಕಿಲ್ಲವಾದುದರಿಂದ ಕೊಂಚ ವಿವರಿಸುವೆವು. ಸದಸ್ಯರು ಹದಿನೈದರಿಂದ ಇಪ್ಪತ್ತು ಮಂದಿ. ಇಪ್ಪತ್ತನ್ನು ಮೀರದಿರುವುದಕ್ಕೆ ಒಂದು ಕಾನೂನಿನ ಕಾರಣವೂ ಇತ್ತು: 1956ರ ಕಂಪನಿ ಕಾಯಿದೆಯ ಪ್ರಕಾರ ಲಾಭಕ್ಕಾಗಿ ವ್ಯವಹಾರ ನಡೆಸುವ ಇಪ್ಪತ್ತಕ್ಕಿಂತ ಹೆಚ್ಚಿನ ಜನರ ಕೂಟವು ದಾಖಲಾಗದೆ ಇರಕೂಡದು. ಆದರೆ ಕಾನೂನಿಲ್ಲದಿದ್ದರೂ ಆ ಸಂಖ್ಯೆಯೇ ಯುಕ್ತ. ಒಂದು ಜಗುಲಿಯ ಮೇಲೆ ಸುತ್ತ ಕುಳಿತಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದು ಅಷ್ಟು ಜನಕ್ಕೇ. ವಾರಕ್ಕೊಮ್ಮೆ, ನಿಶ್ಚಿತವಾದ ದಿನ ಮತ್ತು ವೇಳೆಯಲ್ಲಿ, ಕೂಲಿಯಿಂದ ಬಂದು ಒಲೆ ಹೊತ್ತಿಸಿ ಮಕ್ಕಳಿಗೆ ಉಣಬಡಿಸಿದ ಮೇಲೆ ಸೇರುತ್ತಾರೆ. ತಡವಾಗಿ ಬಂದವಳಿಗೆ ದಂಡ; ಹೇಳದೆ ತಪ್ಪಿಸಿದವಳಿಗೆ ಇನ್ನಷ್ಟು ದಂಡ. ದಂಡದ ಮೊತ್ತವನ್ನು ಅವರೇ ಗೊತ್ತುಮಾಡಿಕೊಂಡಿರುತ್ತಾರೆ. ಉಳಿತಾಯದ ಹಣವನ್ನು ಎಲ್ಲರೆದುರಿಗೆ ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಓದುಬಾರದವರೇ ಹೆಚ್ಚಾಗಿರುವ ಕಡೆ ಊರಿನ ಹೈಸ್ಕೂಲು ಹುಡುಗಿಯೊಬ್ಬಳು ಲೆಕ್ಕ ಬರೆದು ಗಟ್ಟಿಯಾಗಿ ಓದಿಹೇಳುವುದುಂಟು. ಓದುಬಾರದ ಮುದುಕಿಯೂ ತನ್ನ ಹಣದ ಮೊತ್ತವನ್ನು ಪೈಸೆಸಹಿತ ನೆನಪಿನಲ್ಲಿಟ್ಟಿರುತ್ತಾಳೆ. ಓದುವ ಹುಡುಗಿ ತಪ್ಪಿದರೆ ಅಲ್ಲಿಯೇ ತಡೆದು ತಿದ್ದುತ್ತಾಳೆ. ನಮ್ಮ ಪುರಸಭೆಗಳ ಆಡಿಟ್ ಇಷ್ಟು ಚುರುಕಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಅನಂತರ ಸಾಲದ ಮಾತು. ಯಾರಿಗೆ ಬೇಕು, ಯಾತಕ್ಕೆ ಬೇಕು, ಯಾವಾಗ ತೀರಿಸುವೆ? ಒಬ್ಬಳಿಗೆ ಬೀಜ ಗೊಬ್ಬರಕ್ಕೆ, ಒಬ್ಬಳಿಗೆ ಮಗಳ ಬಾಣಂತನಕ್ಕೆ, ಮತ್ತೊಬ್ಬಳಿಗೆ ಗಿರವಿಯಿಟ್ಟ ಓಲೆಯನ್ನು ಬಿಡಿಸಿಕೊಳ್ಳುವುದಕ್ಕೆ. ಹಣ ಇಷ್ಟೇ ಇದೆ, ಕೇಳುವವರು ಮೂವರು. ಯಾರ ಅಗತ್ಯ ಹೆಚ್ಚಿನದು ಎಂಬ ತೀರ್ಮಾನವನ್ನು ಅವರೇ ಮಾಡಬೇಕು. ಕೆಲವೊಮ್ಮೆ ಮಾತು ಏರುತ್ತದೆ, ಎದ್ದು ಹೋಗುವವರೂ ಉಂಟು. ಬಾಣಂತನಕ್ಕೆ ಸಾಲ ಕೊಡುವುದು ಉತ್ಪಾದಕವಲ್ಲವೆಂದು ಬ್ಯಾಂಕಿನ ಪುಸ್ತಕ ಹೇಳೀತು. ಸಂಘದಲ್ಲಿ ಆ ಮಾತು ನಡೆಯುವುದಿಲ್ಲ. ಅಲ್ಲಿ ಸಾಲ ಸಿಕ್ಕದಿದ್ದರೆ ಅದೇ ರಾತ್ರಿ ಆಕೆ ಸಾಹುಕಾರನಲ್ಲಿಗೆ ಹೋಗುವಳೆಂಬುದು ಎಲ್ಲರಿಗೂ ಗೊತ್ತು.

ಆ ಸಾಹುಕಾರನ ಲೆಕ್ಕವನ್ನೂ ಒಮ್ಮೆ ನೋಡಬಹುದು. ಸಾವಿರ ರೂಪಾಯಿ ಬರೆದುಕೊಂಡು, ನೂರನ್ನು ಮೊದಲೇ ಮುರಿದುಕೊಂಡು, ಒಂಬೈನೂರು ಕೈಗೆ ಕೊಟ್ಟು, ವಾರಕ್ಕೆ ನೂರರಂತೆ ಹತ್ತು ವಾರ ವಸೂಲು ಮಾಡುವುದು ಸಂತೆಪೇಟೆಗಳಲ್ಲಿ ಎಲ್ಲರೂ ಬಲ್ಲ ಪದ್ಧತಿ. ಕೇಳುವುದಕ್ಕೆ ನೂರಕ್ಕೆ ಹತ್ತು. ಗುಣಿಸಿ ನೋಡಿದರೆ ವರ್ಷಕ್ಕೆ ನೂರಕ್ಕೆ ನೂರನ್ನೂ ಮೀರುವ ಬಡ್ಡಿ. ಸಂಘಗಳು ಸಾಮಾನ್ಯವಾಗಿ ತಮ್ಮ ಸದಸ್ಯರಿಂದ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗಳಂತೆ ಬಡ್ಡಿ ಹಿಡಿದಿವೆ. ವರ್ಷಕ್ಕೆ ಇಪ್ಪತ್ತನಾಲ್ಕಾಯಿತಲ್ಲ, ಇದೂ ಸುಲಿಗೆಯಲ್ಲವೇ ಎಂದು ಕೆಲವರು ಮಿತ್ರರು ನಮ್ಮನ್ನು ಕೇಳಿರುವರು. ಅಲ್ಲ. ಆ ಬಡ್ಡಿಯು ಊರು ಬಿಟ್ಟು ಹೋಗುವುದಿಲ್ಲ. ಸಂಘದ ಪೆಟ್ಟಿಗೆಗೇ ಬಿದ್ದು, ಮುಂದಿನ ವಾರ ಮತ್ತೊಬ್ಬ ಸದಸ್ಯಳ ಸಾಲವಾಗುತ್ತದೆ. ಕೊಡುವವಳೂ ಅವಳೇ, ಪಡೆಯುವವಳೂ ಅವಳೇ. ಇಪ್ಪತ್ತು ಜನ ವಾರಕ್ಕೆ ಐವತ್ತು ರೂಪಾಯಿಗಳಂತೆ ಕೂಡಿಟ್ಟರೆ ವರ್ಷಕ್ಕೆ ಐವತ್ತೆರಡು ಸಾವಿರ. ಈ ಹಣ ತಿರುಗುತ್ತ ತಿರುಗುತ್ತ ಬಡ್ಡಿಯೊಡನೆ ಬೆಳೆದು, ಕೆಲವೇ ವರ್ಷಗಳಲ್ಲಿ ಆ ಕೇರಿಗೆ ಹಿಂದೆಂದೂ ಇಲ್ಲದಿದ್ದ ಒಂದು ಸ್ವಂತ ಬಂಡವಾಳವಾಗುತ್ತದೆ. ಸಾಲವನ್ನು ತೀರಿಸದೆ ಉಳಿಸಿಕೊಂಡವಳು ಕಂಪನಿಗೆ ಕೈಕೊಟ್ಟಂತಲ್ಲ. ಪಕ್ಕದ ಮನೆಯ ವಿಧವೆಯ ಗಂಟನ್ನು ನುಂಗಿದಂತೆ. ಈ ಸಾಲಗಳು ತೀರುತ್ತಿದ್ದುದರ ಗುಟ್ಟು ಇಲ್ಲಿದೆ.

1987ರಲ್ಲಿ ನಬಾರ್ಡು, ಅಂದರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಈ ಪ್ರಯೋಗವನ್ನು ಮುಂದುವರಿಸಿ ಪರೀಕ್ಷಿಸುವುದಕ್ಕಾಗಿ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿಗಳನ್ನು ಕೊಟ್ಟಿತು. ಸರ್ಕಾರದ ಬೊಕ್ಕಸದಿಂದ ಹೊರಡುವ ಕೋಟಿಗಳ ಮುಂದೆ ಹತ್ತು ಲಕ್ಷ ಏನೂ ಅಲ್ಲ. ಆದರೆ ಇಷ್ಟು ಅಲ್ಪವಾದ ಹಣದಿಂದ ಇಷ್ಟು ದೊಡ್ಡ ಫಲ ಬಂದ ಉದಾಹರಣೆಗಳು ವಿರಳ. 1991ರಲ್ಲಿ ರಿಜರ್ವ್ ಬ್ಯಾಂಕಿನವರು, ದಾಖಲಾಗದ ಇಂತಹ ಸಂಘಗಳಿಗೂ ಸಾಲ ಕೊಡಬಹುದೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿದರು. 1992ರಲ್ಲಿ ನಬಾರ್ಡು ಇಡೀ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಈ ಮೂರು ನಿರ್ಧಾರಗಳ ಧೈರ್ಯವನ್ನು ನಾವು ಮೆಚ್ಚಬೇಕು. ಜಾಮೀನಿಲ್ಲ, ಪಟ್ಟಾ ಇಲ್ಲ, ಸಂಘಕ್ಕೆ ಕಾನೂನಿನ ದೃಷ್ಟಿಯಲ್ಲಿ ಅಸ್ತಿತ್ವವೇ ಇಲ್ಲ. ಸಾಲ ಯಾತಕ್ಕೆ ಎಂದು ಬ್ಯಾಂಕು ಕೇಳುವಂತೆಯೂ ಇಲ್ಲ, ಅದನ್ನು ಸಂಘವೇ ನಿರ್ಣಯಿಸುವುದು. ಬ್ಯಾಂಕಿನ ಮ್ಯಾನೇಜರು ನೋಡಬೇಕಾದುದು ಅವರ ಉಳಿತಾಯದ ಪುಸ್ತಕ, ಸಭೆಯ ನಡಾವಳಿ, ತಮ್ಮೊಳಗಿನ ಸಾಲ ತೀರಿದ ಬಗೆ, ಇಷ್ಟನ್ನೇ. ಅಧಿಕಾರಿಗಳು ಬಡವರ ನಿರ್ಣಯಶಕ್ತಿಯನ್ನು ಹೀಗೆ ಬರಹದ ಮೂಲಕ ಒಪ್ಪಿಕೊಂಡುದು ನಮ್ಮ ಆಡಳಿತದ ಇತಿಹಾಸದಲ್ಲಿ ಹೆಚ್ಚಾಗಿ ಕಾಣಬರದು.

500ರಿಂದ ಹೊರಟ ಈ ಕಾರ್ಯವು 2024ರ ಮಾರ್ಚಿ ಕೊನೆಗೆ ಸುಮಾರು 1 ಕೋಟಿ 44 ಲಕ್ಷ ಸಂಘಗಳಿಗೆ ಹಬ್ಬಿತ್ತು. ಬ್ಯಾಂಕುಗಳಲ್ಲಿ ಅವುಗಳ ಉಳಿತಾಯವೇ 65 ಸಾವಿರ ಕೋಟಿ ರೂಪಾಯಿಗಳ ಸುಮಾರಿಗಿತ್ತು. ಹೆಂಗಸರ ಸೆರಗಿನ ಗಂಟಿನಿಂದ ಕೂಡಿಬಂದ ಹಣವಿದು.

ಬಂಗಾಳದ ಗ್ರಾಮೀಣ ಬ್ಯಾಂಕಿನ ಕೀರ್ತಿಯನ್ನು ಕೇಳದವರಿಲ್ಲ. 1976ರಲ್ಲಿ ಚಿತ್ತಗಾಂಗಿನ ಹತ್ತಿರದ ಜೋಬ್ರಾ ಗ್ರಾಮದಲ್ಲಿ ಮಹಮ್ಮದ್ ಯೂನಸ್ ಮಹಾಶಯರು ತೊಡಗಿದ ಆ ಕಾರ್ಯಕ್ಕೆ 2006ರಲ್ಲಿ ನೋಬೆಲ್ ಬಹುಮಾನವೂ ಸಂದಿತು. ಅದರ ಹಿರಿಮೆಯನ್ನು ಕುಗ್ಗಿಸುವ ಇಚ್ಛೆ ನಮಗಿಲ್ಲ. ಆದರೆ ಅಲ್ಲಿ ಬ್ಯಾಂಕು ಮೊದಲು, ಗುಂಪು ಅನಂತರ. ಬ್ಯಾಂಕಿನ ಸಾಲವನ್ನು ಹಂಚಲು ಐವರ ಗುಂಪು. ಇಲ್ಲಿ ಗುಂಪು ಮೊದಲು, ಅದರ ಸ್ವಂತ ಹಣ ಅನಂತರ, ಬ್ಯಾಂಕು ಎಲ್ಲಕ್ಕೂ ಕೊನೆಗೆ. ಈ ಕ್ರಮವು ತಲೆಕೆಳಗಾದಾಗ ಆಗುವುದೇನೆಂಬುದನ್ನು ನಮ್ಮ ನಾಡೂ ನೆರೆಯ ನಾಡೂ ಕಂಡಿವೆ.

ಸಾಲದ ಕಂಪನಿಗಳು ನೋಡಿದುವು: ಹೆಂಗಸರು ಗುಂಪಾಗಿ ಕೂಡುತ್ತಾರೆ, ಒಬ್ಬರಿಗೊಬ್ಬರು ಹೊಣೆಯಾಗುತ್ತಾರೆ, ಸಾಲ ತೀರಿಸುತ್ತಾರೆ. ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಕ್ಕೀತು? ಉಳಿತಾಯದ ತೊಡಕನ್ನೂ ತಿಂಗಳುಗಟ್ಟಲೆಯ ಸಭೆಗಳನ್ನೂ ಬಿಟ್ಟು, ಹೊಣೆಯೊಂದನ್ನು ಮಾತ್ರ ಉಳಿಸಿಕೊಂಡು, ಅವರು ಗುಂಪುಗಳನ್ನು ಕಟ್ಟತೊಡಗಿದರು. ವಾರಕ್ಕೆ ನಾಲ್ಕು ಬಣ್ಣದ ಪುಸ್ತಕಗಳು ಒಂದೇ ಮನೆಗೆ ಬಂದುವು. ಒಂದು ಕಂಪನಿಯ ಕಂತನ್ನು ಇನ್ನೊಂದರ ಸಾಲದಿಂದ ಕಟ್ಟುವುದು, ಅದನ್ನು ಮೂರನೆಯದರಿಂದ. ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ 2006ರಲ್ಲಿಯೇ ಜಿಲ್ಲಾಧಿಕಾರಿಗಳು ಇಂತಹ ಕಂಪನಿಗಳ ಶಾಖೆಗಳಿಗೆ ಬೀಗಮುದ್ರೆ ಹಾಕಿಸಬೇಕಾಯಿತು. 2009ರಲ್ಲಿ ನಮ್ಮ ಕೋಲಾರ, ರಾಮನಗರಗಳ ರೇಷ್ಮೆ ಕಸುಬಿನವರು ಕಂತು ಕಟ್ಟುವುದನ್ನೇ ನಿಲ್ಲಿಸಿದರು. 2010ರ ಆಗಸ್ಟಿನಲ್ಲಿ ಹೈದರಾಬಾದಿನ ದೊಡ್ಡ ಕಂಪನಿಯೊಂದರ ಷೇರುಗಳು ಪೇಟೆಗೆ ಬಂದು ಭಾರಿ ಹಣ ಗಳಿಸಿದುವು. ಅದೇ ವರ್ಷ ಅಕ್ಟೋಬರಿನಲ್ಲಿ ಆತ್ಮಹತ್ಯೆಗಳ ಸುದ್ದಿಗಳ ನಡುವೆ ಆಂಧ್ರ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿ ಈ ವ್ಯಾಪಾರವನ್ನು ಬಿಗಿಹಿಡಿಯಿತು. ಹದಿನೈದು ವರ್ಷಗಳ ಮೇಲೆ ನಮ್ಮಲ್ಲಿ ಆದುದು ಅದರ ಪುನರಾವೃತ್ತಿಯೇ. ನೆರೆಮನೆಗೆ ಬೆಂಕಿ ಬಿದ್ದಾಗ ನಾವು ನಮ್ಮ ಹುಲ್ಲಿನ ಬಣವೆಯನ್ನು ಸರಿಸಲಿಲ್ಲ.

ಕಂಪನಿಗಳ ಲೆಕ್ಕದ ಜಾಣತನವನ್ನೂ ಹೇಳಬೇಕು. ಹತ್ತು ಸಾವಿರಕ್ಕೆ ವರ್ಷದ ಬಡ್ಡಿ ಸಾವಿರದ ಇನ್ನೂರು ಎಂದು ಹೇಳಿ, ಅಸಲನ್ನೂ ಬಡ್ಡಿಯನ್ನೂ ಕೂಡಿಸಿ ಐವತ್ತು ವಾರದ ಸಮಕಂತುಗಳಾಗಿ ವಸೂಲು ಮಾಡಿದರೆ, ನೂರಕ್ಕೆ ಹನ್ನೆರಡೆಂದು ಕಾಣುವುದು ವಾಸ್ತವದಲ್ಲಿ ಇಮ್ಮಡಿಯ ಸಮೀಪಕ್ಕೆ ಹೋಗುತ್ತದೆ. ವಾರವಾರವೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ಣ ಹತ್ತು ಸಾವಿರದ ಮೇಲೆಯೇ ನಿಂತಿರುತ್ತದೆ. ಹಿಂದೆ ಇದು ಹೇರಳವಾಗಿತ್ತು. ಈಗ ಎಲ್ಲ ವೆಚ್ಚಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರವನ್ನು ಕಾಗದದ ಮೇಲೆ ಬರೆದುಕೊಡಬೇಕೆಂದು ರಿಜರ್ವ್ ಬ್ಯಾಂಕಿನ ನಿಯಮವಿದೆ. ಕುಟುಂಬದ ವರಮಾನದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಕೂಡದೆಂದೂ 2022ರ ನಿಯಮಗಳಲ್ಲಿದೆ. ಅದೇ ನಿಯಮಗಳು ಬಡ್ಡಿಯ ಮೇಲ್ಮಿತಿಯನ್ನು ಎತ್ತಿಹಾಕಿದುವೆಂಬುದನ್ನೂ ವಾಚಕರು ಗಮನಿಸಬೇಕು. ಕೂಲಿಯವಳ ವರಮಾನವನ್ನು ಅಳೆಯುವವರು ಯಾರು? ಸಾಲ ಹಂಚಿದಷ್ಟೂ ಸಂಬಳ ಏರುವ ಕಂಪನಿಯ ಗುಮಾಸ್ತನೇ!

ಕಂಪನಿಗಳನ್ನು ಮಾತ್ರ ದೂಷಿಸಿ ನಮ್ಮ ಅಧಿಕಾರಿ ಮಿತ್ರರನ್ನು ಬಿಟ್ಟರೆ ಅನ್ಯಾಯವಾದೀತು. 2000ನೆಯ ಇಸವಿಯಲ್ಲಿ ಕರ್ನಾಟಕ ಸರ್ಕಾರವು ಸ್ತ್ರೀಶಕ್ತಿ ಯೋಜನೆಯನ್ನಾರಂಭಿಸಿ ಅಂಗನವಾಡಿಗಳ ಮೂಲಕ ಹಳ್ಳಿಹಳ್ಳಿಯಲ್ಲಿ ಸಂಘಗಳನ್ನು ಕಟ್ಟಿಸಿತು. 2011ರಿಂದ ಕೇಂದ್ರದ ಜೀವನೋಪಾಯ ಯೋಜನೆಯೂ ಅದೇ ದಾರಿಯಲ್ಲಿ ನಡೆದಿದೆ. ಇವುಗಳಿಂದ ಆದ ಉಪಕಾರ ದೊಡ್ಡದು. ಮೂರು ಲಕ್ಷದವರೆಗಿನ ಬ್ಯಾಂಕುಸಾಲ ನೂರಕ್ಕೆ ಏಳರ ಬಡ್ಡಿಗೆ ಸಂಘಗಳಿಗೆ ದೊರೆಯುವಂತಾದುದು ಸಣ್ಣ ಮಾತಲ್ಲ. ಆದರೆ ಸರ್ಕಾರದ ಗಾಡಿಗೆ ಗುರಿಯೆಂಬ ಹಳೆಯ ಚಕ್ರವೊಂದು ಇದ್ದೇ ಇರುತ್ತದೆ. ಮಾರ್ಚಿ ಕೊನೆಯೊಳಗೆ ತಾಲ್ಲೂಕಿನಲ್ಲಿ ಇಷ್ಟು ಸಂಘಗಳಾಗಬೇಕು ಎಂದು ಮೇಲಿನಿಂದ ಆಜ್ಞೆ ಬಂದರೆ, ಪರಸ್ಪರ ವಿಶ್ವಾಸವಿದೆಯೋ ಇಲ್ಲವೋ ಎಂದು ನೋಡುವ ಪುರಸತ್ತು ಮೇಲ್ವಿಚಾರಕಿಗೆ ಎಲ್ಲಿಯದು? ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ. ಸುತ್ತುನಿಧಿಯ ಹಣ ಬರುವವರೆಗೆ ಸಭೆಗಳು ನಡೆಯುತ್ತವೆ. ಚುನಾವಣೆಯ ಸಭೆಗೆ ಜನ ಬೇಕಾದಾಗ ಲಾರಿ ಬರುತ್ತದೆ. ಎಮ್ಮೆಯ ಕಾಲದಲ್ಲಿ ಎಮ್ಮೆ ಹಂಚಿದ ಕೈಗಳೇ ಈಗ ಸಂಘಗಳನ್ನು ಹಂಚುತ್ತಿರುವುವಾದರೆ ನಾವು ಕಲಿತುದೇನು?

ಸಂಘವು ಸರ್ವರೋಗನಿವಾರಕವೆಂದೂ ನಾವು ಹೇಳಹೊರಟಿಲ್ಲ. ವಾರಕ್ಕೆ ಹತ್ತು ರೂಪಾಯಿ ಉಳಿಸಲೂ ಆಗದವಳು, ವರ್ಷದಲ್ಲಿ ಆರು ತಿಂಗಳು ಗುಳೆ ಹೋಗುವವಳು, ಸಂಘದ ಬಾಗಿಲಲ್ಲೇ ನಿಂತುಬಿಡುತ್ತಾಳೆ. ಅತ್ಯಂತ ಬಡವಳು ಹೊರಗುಳಿಯುವುದು ಈ ಪದ್ಧತಿಯ ದೊಡ್ಡ ಕೊರತೆ. ಕಿರುಸಾಲವು ಬಡತನವನ್ನು ನೀಗುವುದೆಂಬ ಘೋಷಣೆಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಹೈದರಾಬಾದಿನದೂ ಒಂದು. ಸಾಲದಿಂದ ಕೆಲವರ ವ್ಯಾಪಾರ ಕೊಂಚ ಬೆಳೆಯಿತು, ಆದರೆ ಸರಾಸರಿಯಲ್ಲಿ ಜನರ ಬಾಳು ಮಾರ್ಪಡಲಿಲ್ಲ ಎಂಬುದೇ ಅವುಗಳ ಸಾರ. ಇದರಲ್ಲಿ ಆಶ್ಚರ್ಯವೇನಿದೆ? ಮಳೆಯಿಲ್ಲದ ಹೊಲಕ್ಕೂ ಸಿಕ್ಕದ ಕೂಲಿಗೂ ಸಾಲವು ಮದ್ದಲ್ಲ. ಮೈರಾಡದವರು ಇದನ್ನು ಮೊದಲೇ ಕಂಡುಕೊಂಡಂತಿದೆ. ಗುಲ್ಬರ್ಗದ ಕಡೆಯ ಒಣಭೂಮಿಯಲ್ಲಿ ಅವರು ಸಂಘದ ಜೊತೆಜೊತೆಗೇ ಜಲಾನಯನದ ಕೆಲಸವನ್ನೂ, ಬದುಗಳನ್ನು ಹಾಕಿಸುವುದನ್ನೂ ಕೈಗೊಂಡರು. ಸಂಘದಿಂದ ಆಗುವುದು ಬೇರೆಯೇ ಒಂದು ಕಾರ್ಯ. ಕಷ್ಟಕಾಲದಲ್ಲಿ ಹೊಲವನ್ನೂ ಓಲೆಯನ್ನೂ ಕಳೆದುಕೊಳ್ಳದೆ ಉಳಿಯುವುದು. ಬ್ಯಾಂಕಿನ ಮೆಟ್ಟಿಲನ್ನು ಹತ್ತಿ ಕುರ್ಚಿಯಲ್ಲಿ ಕುಳಿತು ಮಾತನಾಡುವುದು. ಪಂಚಾಯಿತಿಯಲ್ಲಿ ನಲ್ಲಿಯ ನೀರನ್ನು ಕೇಳುವುದು. ಇದನ್ನು ರೂಪಾಯಿಯಲ್ಲಿ ಅಳೆಯುವ ಮಾನದಂಡ ನಮ್ಮಲ್ಲಿಲ್ಲ.

ಈಗಿನ ಅಪಾಯವೆಲ್ಲಿದೆ ಎಂಬುದನ್ನು ಅಧಿಕಾರಿಗಳು ಮನಸ್ಸಿಗೆ ತಂದುಕೊಳ್ಳಬೇಕು. ಸಾಲ ಕಟ್ಟಬೇಡಿ, ಸರ್ಕಾರ ಕಾನೂನು ಮಾಡಿದೆ ಎಂದು ಹಳ್ಳಿಗಳಲ್ಲಿ ಸಾರುವವರು ಹೊರಟರೆ, ಅದರ ಮೊದಲ ಪೆಟ್ಟು ಬೀಳುವುದು ಕಂಪನಿಗಲ್ಲ. ಕಂಪನಿಗೆ ಬೇರೆ ಜಿಲ್ಲೆಗಳಿವೆ, ಬೇರೆ ರಾಜ್ಯಗಳಿವೆ. ಇಪ್ಪತ್ತು ಹೆಂಗಸರ ಸ್ವಂತ ಸಂಘದಲ್ಲಿ ಐವರು ಕಂತು ನಿಲ್ಲಿಸಿದರೆ ಉಳಿದ ಹದಿನೈದು ಜನರ ಹತ್ತು ವರ್ಷದ ಉಳಿತಾಯ ಅಲ್ಲಿಗೆ ಮುಗಿಯಿತು. ಬ್ಯಾಂಕಿನವರೂ ಹೆದರಿ ಕೈಹಿಂದೆಗೆದರೆ ಆ ಹೆಂಗಸರಿಗೆ ಉಳಿಯುವುದು ಒಂಬೈನೂರು ಕೊಟ್ಟು ಸಾವಿರ ಕೇಳುವ ಅದೇ ಸಂತೆಪೇಟೆಯ ಅಂಗಡಿ. ಕಾಯಿದೆಯು ಯಾರ ಮೇಲೆ ಪ್ರಯೋಗವಾಗತಕ್ಕುದು, ಯಾರ ಮೇಲಲ್ಲ ಎಂಬುದನ್ನು ತಹಶೀಲ್ದಾರರೂ ಪೋಲೀಸಿನವರೂ ತಮ್ಮ ಸಿಬ್ಬಂದಿಗೆ ಕನ್ನಡದಲ್ಲಿ, ತಿಳಿಯುವಂತೆ, ಹೇಳಿಕೊಡುವುದು ಆವಶ್ಯಕ. ಗುರುತಿಸುವುದೇನೂ ಕಷ್ಟವಲ್ಲ. ಮೂರು ಪ್ರಶ್ನೆಗಳು ಸಾಕು: ಪೆಟ್ಟಿಗೆಯಲ್ಲಿ ಸದಸ್ಯರ ಸ್ವಂತ ಹಣವಿದೆಯೇ? ಸಾಲ ಯಾರಿಗೆಂಬುದನ್ನು ನಿರ್ಣಯಿಸಿದವರಾರು? ಬಡ್ಡಿ ಎಲ್ಲಿಗೆ ಹೋಗುತ್ತದೆ?

ಹೊರಗಿನ ಹಣ ಬೇಕೇ ಆದಾಗಲೂ ಈ ಮೂರು ಪ್ರಶ್ನೆಗಳಿಗೆ ಭಂಗ ಬಾರದಂತೆ ಕೊಡಬಹುದೆಂಬುದಕ್ಕೆ ನಿದರ್ಶನವಿದೆ. ಮೈರಾಡದವರೇ 1995ರಲ್ಲಿ ಸಂಘಮಿತ್ರ ಎಂಬ, ಲಾಭವನ್ನು ಹಂಚಿಕೊಳ್ಳದ ಕಂಪನಿಯೊಂದನ್ನು ಸ್ಥಾಪಿಸಿದರು. ಅದು ಸಾಲ ಕೊಡುವುದು ಸಂಘಕ್ಕೆ. ಒಬ್ಬೊಬ್ಬ ಹೆಂಗಸಿನ ಮನೆಬಾಗಿಲಿಗಲ್ಲ. ಯಾರಿಗೆ ಎಷ್ಟು ಎಂಬುದು ಸಂಘದ ತೀರ್ಮಾನ. ಕೆಲವು ಪ್ರದೇಶಗಳಲ್ಲಿ ಮೈರಾಡ ಕಟ್ಟಿದ ಸಂಘಗಳು ನೂರಾರು ಕೂಡಿ ತಮ್ಮದೇ ಆದ ಸಂಪನ್ಮೂಲ ಕೇಂದ್ರಗಳನ್ನು ನಡೆಸುತ್ತ, ಲೆಕ್ಕಪರಿಶೋಧನೆಗೂ ತರಬೇತಿಗೂ ತಾವೇ ಶುಲ್ಕ ತೆತ್ತುಕೊಳ್ಳುತ್ತಿವೆ. ಸಂಸ್ಥೆಯು ತಾನು ಬೇಕಾಗದಂತಾಗುವ ದಾರಿಯನ್ನು ತಾನೇ ಹುಡುಕಿಕೊಂಡುದು ಇದು. ಪರೋಪಕಾರದ ಹೆಸರಿನಲ್ಲಿ ತಲೆಮಾರುಗಟ್ಟಲೆ ಗದ್ದುಗೆ ಬಿಡದವರ ನಡುವೆ ನಾವು ಇದನ್ನು ಎತ್ತಿ ಹೇಳಬೇಕೆನಿಸಿತು.

ಬ್ಯಾಂಕುಗಳ ಶಾಖಾಧಿಕಾರಿಗಳಲ್ಲಿ ನಮ್ಮದೊಂದು ವಿನಂತಿ. ತಿಂಗಳಿಗೊಮ್ಮೆಯಾದರೂ ಒಂದು ಸಂಘದ ಸಭೆಗೆ, ಮುಂದಾಗಿ ತಿಳಿಸದೆ, ಹೋಗಿ ಕುಳಿತುಕೊಳ್ಳಿರಿ. ಭಾಷಣ ಬೇಡ, ಹಾರ ಬೇಡ. ಪುಸ್ತಕವನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಸಾಲದ ಅರ್ಜಿಯ ಮೇಲೆ ಚರ್ಚೆ ನಡೆಯುವುದೋ, ಎಲ್ಲವೂ ಒಬ್ಬಳ ಮಾತಿಗೆ ತಲೆದೂಗುವುದೋ ನೋಡಿರಿ. ಮೂರು ತಿಂಗಳಿಂದ ನಡಾವಳಿ ಬರೆಯದ ಸಂಘಕ್ಕೆ, ಜಿಲ್ಲಾ ಕಚೇರಿಯ ಗುರಿ ಎಷ್ಟೇ ಒತ್ತಾಯಿಸಲಿ, ಹೊಸ ಸಾಲವನ್ನು ಬರೆಯದಿರಿ. ನಡಾವಳಿ ಸರಿಯಿರುವ ಸಂಘಕ್ಕೆ, ಪತ್ರಿಕೆಗಳಲ್ಲಿ ಎಂತಹ ಸುದ್ದಿಗಳು ಬರಲಿ, ಬಂದ ಅರ್ಜಿಯನ್ನು ಹದಿನೈದು ದಿನಗಳೊಳಗೆ ತೀರ್ಮಾನಿಸಿ ಕಳುಹಿಸಿರಿ. ಬಿತ್ತನೆಯ ಕಾಲಕ್ಕೆ ಬಾರದ ಹಣ ಸುಗ್ಗಿಯಲ್ಲಿ ಬಂದು ಫಲವಿಲ್ಲ.